ಹಳೇ ಮ್ಯೂಸಿಕ್ ಪ್ಲೇಯರ್‌ಗೆ ರಾಕ್‌ಬಾಕ್ಸ್ ಹಾಕುವ ಕ್ರಮ: ಸ್ಯಾನ್ಸಾ ಕ್ಲಿಪ್ ಪ್ಲಸ್ ಮತ್ತು ಐಪಾಡ್ ವಿಡಿಯೋ

ಮನೆಯ ಡ್ರಾಯರ್‌ನಲ್ಲಿ ಹಳೇ ಸ್ಯಾನ್ಸಾ ಕ್ಲಿಪ್ಪೋ ದಪ್ಪ ಐಪಾಡೋ ಬಿದ್ದಿದ್ದು, ಇನ್ನೂ ಚಾರ್ಜ್ ಹಿಡಿಯುತ್ತಿದ್ದರೆ ಗುಜರಿಗೆ ಕೊಡಬೇಡಿ. ಕಂಪನಿಯವರು ಅದಕ್ಕೆ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿ ಎಷ್ಟೋ ವರ್ಷಗಳಾದವು, ಆದರೆ ಒಳಗಿನ ಚಿಪ್‌ಗೆ ಏನೂ ಆಗಿಲ್ಲ. ಕಂಪನಿಯ ಫರ್ಮ್‌ವೇರ್ (ಸೆಟ್ ನಡೆಸುವ ಒಳಗಿನ ತಂತ್ರಾಂಶ) ಬದಲು ರಾಕ್‌ಬಾಕ್ಸ್ ಎಂಬ ಬೇರೆ ತಂತ್ರಾಂಶ ಹಾಕಿದರೆ ಅದೇ ಪ್ಲೇಯರ್ ಫ್ಲ್ಯಾಕ್, ಓಪಸ್, ಆಗ್ ವೋರ್ಬಿಸ್ ಬಗೆಯ ಆಡಿಯೋ ಕಡತ ಎಲ್ಲವನ್ನೂ ನುಡಿಸುತ್ತದೆ, ಹಾಡಿನಿಂದ ಹಾಡಿಗೆ ನಡುವೆ ತಡೆ ಬರುವುದಿಲ್ಲ, ಫೋಲ್ಡರ್ ಹೇಗೆ ಜೋಡಿಸಿದ್ದೀರೋ ಹಾಗೇ ತೋರಿಸುತ್ತದೆ.

ರಾಕ್‌ಬಾಕ್ಸ್ ಶುರುವಾದದ್ದು 2001ರ ಕೊನೆಯಲ್ಲಿ, ಸ್ವೀಡನ್‌ನ ಕೆಲವು ಪ್ರೋಗ್ರಾಮರ್‌ಗಳು ಆರ್ಕೋಸ್ ಪ್ಲೇಯರ್‌ನ ಫರ್ಮ್‌ವೇರ್ ಸರಿಯಿಲ್ಲವೆಂದು ತಾವೇ ಬರೆಯಲು ಕೂತಾಗ. ಜಿಪಿಎಲ್ ಪರವಾನಗಿಯ ಮುಕ್ತ ತಂತ್ರಾಂಶ, ದುಡ್ಡು ಕೊಡಬೇಕಿಲ್ಲ. 4.0 ಆವೃತ್ತಿ 2025ರಲ್ಲಿ ಬಂತು, ಅಂದರೆ ಕೆಲಸ ಇನ್ನೂ ನಡೆಯುತ್ತಿದೆ.

ಜನ ಹೆದರುವುದು 'ಸೆಟ್ ಸತ್ತು ಹೋದರೆ?' ಎಂದು. ನಿಜ ಹೇಳಬೇಕೆಂದರೆ ಈ ಕೆಲಸದಲ್ಲಿ ಫರ್ಮ್‌ವೇರ್‌ನಿಂದ ಕೆಡುವುದು ತೀರಾ ಕಡಿಮೆ. ತೊಂದರೆ ಬರುವುದು ಕೇಬಲ್‌ನಿಂದ, ಕಾರ್ಡ್‌ನಿಂದ, ಫೈಲ್ ಸಿಸ್ಟಂನಿಂದ (ಡಿಸ್ಕ್‌ನಲ್ಲಿ ಕಡತ ಜೋಡಿಸಿಡುವ ಪದ್ಧತಿ). ಆ ಮೂರನ್ನು ಮೊದಲೇ ನೋಡಿಕೊಂಡರೆ ಉಳಿದದ್ದು ಅರ್ಧ ಗಂಟೆಯ ಕೆಲಸ.

ಯಾವ ಸೆಟ್‌ಗೆ ಹಾಕಬಹುದು, ಯಾವುದಕ್ಕೆ ಆಗಲ್ಲ

ಸ್ಯಾನ್‌ಡಿಸ್ಕ್‌ನಲ್ಲಿ ಕ್ಲಿಪ್, ಕ್ಲಿಪ್ ಪ್ಲಸ್, ಕ್ಲಿಪ್ ಜಿಪ್, ಫ್ಯೂಜ್, ಫ್ಯೂಜ್ ಪ್ಲಸ್, ಇ200, ಸಿ200 ಆಗುತ್ತವೆ. ಕ್ಲಿಪ್ ಸ್ಪೋರ್ಟ್ ಮತ್ತು ಕ್ಲಿಪ್ ಜ್ಯಾಮ್ ಆಗುವುದಿಲ್ಲ. ಹೆಸರಲ್ಲಿ 'ಕ್ಲಿಪ್' ಇದೆ ಅಂತ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು ಮೋಸ ಹೋಗುವವರು ಜಾಸ್ತಿ, ಅದಕ್ಕೇ ಮೊದಲೇ ಹೇಳುತ್ತಿದ್ದೇವೆ. ಹಳೇ ಕ್ಲಿಪ್ ಮತ್ತು ಫ್ಯೂಜ್‌ಗಳಲ್ಲಿ ಒಳಗಿನ ಚಿಪ್ ಎರಡು ಬಗೆ. ಹೊರಗಿನಿಂದ ನೋಡಿದರೆ ಗೊತ್ತಾಗಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ ಸೆಟ್ಟಿಂಗ್ಸ್, ಅದರೊಳಗೆ ಇನ್ಫೋ ತೆರೆದು ಆವೃತ್ತಿ ಸಂಖ್ಯೆ ನೋಡಿ: 01ರಿಂದ ಶುರುವಾದರೆ ಮೊದಲ ಬಗೆ, 02ರಿಂದ ಶುರುವಾದರೆ ಎರಡನೆಯದು. ಒಂದರ ಕಡತ ಇನ್ನೊಂದಕ್ಕೆ ಹಾಕಬಾರದು. ಕ್ಲಿಪ್ ಪ್ಲಸ್‌ನಲ್ಲಿ ಈ ಗೊಂದಲ ಇಲ್ಲ, ಹೊಸಬರಿಗೆ ಅದೇ ಒಳ್ಳೆಯದು.

ಐಪಾಡ್‌ಗಳಲ್ಲಿ ಮೊದಲ ತಲೆಮಾರಿನಿಂದ 5.5ರವರೆಗಿನ ದೊಡ್ಡ ಐಪಾಡ್‌ಗಳು, ಎರಡೂ ಮಿನಿಗಳು, ನ್ಯಾನೋದ ಮೊದಲ ಎರಡು ತಲೆಮಾರು ಆಗುತ್ತವೆ. ಕ್ಲಾಸಿಕ್‌ಗೂ ಆಗುತ್ತದೆ, ಆದರೆ ಅದನ್ನು ಡಿಎಫ್‌ಯು ಸ್ಥಿತಿಗೆ (ಫರ್ಮ್‌ವೇರ್ ತುಂಬಲು ಇರುವ ವಿಶೇಷ ಸ್ಥಿತಿ) ತಂದು ಬೂಟ್‌ಲೋಡರ್ (ಸೆಟ್ ಏಳುವಾಗ ಮೊದಲು ಓಡಿ ರಾಕ್‌ಬಾಕ್ಸ್ ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಕಳಿಸಬೇಕು. ದಾರಿ ಬೇರೆ, ಇಲ್ಲಿ ಅದನ್ನು ಬಿಟ್ಟಿದ್ದೇವೆ. ಷಫಲ್ ಮತ್ತು ಟಚ್‌ಗೆ ಆಗುವುದಿಲ್ಲ.

ಕೈಗೆ ಬೇಕಾದ ಸಾಮಾನು

ಮೊದಲನೆಯದು ಕೇಬಲ್. ಕ್ಲಿಪ್ ಪ್ಲಸ್‌ಗೆ ಬೇಕಿರುವುದು ಮಿನಿ-ಯುಎಸ್‌ಬಿ, ಮೈಕ್ರೋ ಅಲ್ಲ. ದಾವಣಗೆರೆಯಲ್ಲಿ ಮಂಡಿಪೇಟೆಯಿಂದ ಪಿ.ಜೆ. ಬಡಾವಣೆವರೆಗೆ ಯಾವ ಮೊಬೈಲ್ ಅಂಗಡಿಗೆ ಹೋದರೂ ಮೊದಲು ಕೈಗೆ ಬರುವುದು ಟೈಪ್-ಸಿ. ಮಿನಿ ಬೇಕೆಂದರೆ ಮೈಕ್ರೋ ತೆಗೆದುಕೊಡುವ ಸಂಭವವೇ ಹೆಚ್ಚು. ಹಾಗಾಗಿ ಪ್ಲೇಯರನ್ನೇ ಜೊತೆಗೆ ಒಯ್ದು, ಚುಚ್ಚಿ ನೋಡಿ ತನ್ನಿ. ಹಳೇ ಡಿಜಿಟಲ್ ಕ್ಯಾಮೆರಾ, ಹಳೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದ್ದವರ ಮನೆಯಲ್ಲಿ ಇದೇ ಕೇಬಲ್ ಇರುತ್ತದೆ, ಅಂಗಡಿಗಿಂತ ಮೊದಲು ಅಲ್ಲಿ ಹುಡುಕಿ. ಅಗ್ಗದ ಕೇಬಲ್‌ಗಳಲ್ಲಿ ಬಹಳಷ್ಟು ಬರೀ ಚಾರ್ಜ್ ಆಗುವಂಥವು, ಒಳಗೆ ಡೇಟಾ ತಂತಿಯೇ ಇರುವುದಿಲ್ಲ. ಚುಚ್ಚಿದಾಗ ಬ್ಯಾಟರಿ ಚಿತ್ರ ಓಡುತ್ತಿದ್ದು, ಕಂಪ್ಯೂಟರ್‌ನಿಂದ ಸದ್ದಿಲ್ಲದಿದ್ದರೆ ಪ್ಲೇಯರ್ ಮೇಲೆ ಅನುಮಾನ ಪಡುವ ಮುಂಚೆ ಕೇಬಲ್ ಬದಲಿಸಿ ನೋಡಿ. ಐಪಾಡ್‌ಗೆ 30 ಪಿನ್ನಿನ ಅಗಲ ಕೇಬಲ್ ಬೇಕು.

ಎರಡನೆಯದು ಕಂಪ್ಯೂಟರ್. ವಿಂಡೋಸ್, ಲಿನಕ್ಸ್, ಮ್ಯಾಕ್ ಯಾವುದಾದರೂ ನಡೆಯುತ್ತದೆ. ಐಪಾಡ್ ಆದರೆ ಒಮ್ಮೆ ವಿಂಡೋಸ್ ಬೇಕಾಗಬಹುದು, ಕಾರಣ ಮುಂದೆ ಇದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ಗಿಂತ ಲ್ಯಾಪ್‌ಟಾಪ್ ವಾಸಿ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಎಂದು ಯಾರೂ ಹೇಳಲಾಗದು, ಫೈಲ್ ಬರೆಯುವಾಗ ಅದು ಕೈಕೊಟ್ಟರೆ ಫ್ಯಾಟ್32 (ಇಂಥ ಸೆಟ್‌ಗಳು ಬಳಸುವ ಫೈಲ್ ಸಿಸ್ಟಂ) ಡಿಸ್ಕ್ ಕೆಡಬಹುದು. ಡೆಸ್ಕ್‌ಟಾಪ್ ಆದರೆ ಮುಂಭಾಗದ ಪೋರ್ಟ್ ಅಥವಾ ಹಬ್ ಬಳಸದೆ ಮದರ್‌ಬೋರ್ಡ್‌ನ ಹಿಂಭಾಗದ ಪೋರ್ಟ್‌ಗೆ ನೇರ ಹಾಕಿ. ಪ್ಲೇಯರ್ ಬ್ಯಾಟರಿ ಅರ್ಧಕ್ಕಿಂತ ಮೇಲಿರಲಿ.

ಮೂರನೆಯದು ರಾಕ್‌ಬಾಕ್ಸ್ ಯುಟಿಲಿಟಿ ಎಂಬ ಪ್ರೋಗ್ರಾಂ. ರಾಕ್‌ಬಾಕ್ಸ್‌ನ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಕೈಯಿಂದ ಮಾಡಬೇಕಾದ ಬಹುಪಾಲು ಕೆಲಸವನ್ನು ಇದೇ ಮಾಡುತ್ತದೆ.

ಶುರು ಮಾಡುವ ಮುಂಚೆ ಪ್ಲೇಯರ್‌ನಲ್ಲಿರುವ ಹಾಡುಗಳನ್ನೆಲ್ಲ ಕಂಪ್ಯೂಟರ್‌ಗೆ ಕಾಪಿ ಮಾಡಿಡಿ. ಹಳೇ ಕ್ಯಾಸೆಟ್‌ನಿಂದ ಇಳಿಸಿದ ರೆಕಾರ್ಡಿಂಗ್ ಇದ್ದರಂತೂ ಎರಡು ಕಡೆ ಇಡಿ.

ಕ್ಲಿಪ್ ಪ್ಲಸ್‌ಗೆ ಹಾಕುವುದು

ಮೈಕ್ರೋ ಎಸ್‌ಡಿ ಕಾರ್ಡ್ ಇದ್ದರೆ ಹೊರಗೆ ತೆಗೆಯಿರಿ. ಕಾರ್ಡ್ ಒಳಗಿದ್ದರೆ ಕಂಪ್ಯೂಟರ್‌ನಲ್ಲಿ ಎರಡು ಡ್ರೈವ್ ಕಾಣುತ್ತವೆ, ತಪ್ಪಿ ಕಾರ್ಡ್‌ಗೇ ಫರ್ಮ್‌ವೇರ್ ಹಾಕುವವರೇ ಹೆಚ್ಚು. ಕಾರ್ಡ್‌ನಲ್ಲಿ ಹಾಕಿದ ಫರ್ಮ್‌ವೇರ್ ಕಡತವನ್ನು ಪ್ಲೇಯರ್ ಕಣ್ಣೆತ್ತಿಯೂ ನೋಡುವುದಿಲ್ಲ.

ಪ್ಲೇಯರ್ ಆನ್ ಮಾಡಿ, ಸೆಟ್ಟಿಂಗ್ಸ್, ಸಿಸ್ಟಂ ಸೆಟ್ಟಿಂಗ್ಸ್, ಯುಎಸ್‌ಬಿ ಮೋಡ್‌ಗೆ ಹೋಗಿ 'ಎಂಎಸ್‌ಸಿ' (ಪೆನ್ ಡ್ರೈವ್‌ನಂತೆ ಕಾಣುವ ಬಗೆ) ಆರಿಸಿ. ಅಲ್ಲಿ ಮೊದಲೇ ಇರುವುದು 'ಆಟೋ ಡಿಟೆಕ್ಟ್'. ಅದು ವಿಂಡೋಸ್ ಕಂಡೊಡನೆ ಎಂಟಿಪಿಗೆ ಹೊರಳುತ್ತದೆ, ಆಗ ಪ್ಲೇಯರ್ 'ಪೋರ್ಟಬಲ್ ಡಿವೈಸ್' ಎಂದು ಕಾಣುತ್ತದೆಯೇ ಹೊರತು ಡ್ರೈವ್ ಅಕ್ಷರ ಬರುವುದಿಲ್ಲ. ಡ್ರೈವ್ ಅಕ್ಷರ ಇಲ್ಲದೆ ಯುಟಿಲಿಟಿಗೆ ಪ್ಲೇಯರ್ ಸಿಗದು. ಇದೇ ಮೆನುವಿನ ಇನ್ಫೋದಲ್ಲಿ ಆವೃತ್ತಿ ನೋಡಿಟ್ಟುಕೊಳ್ಳಿ. ಕ್ಲಿಪ್ ಪ್ಲಸ್‌ಗೆ ಕಂಪನಿ ಕೊಟ್ಟ ಕೊನೆಯದು 01.02.18.

ಈಗ ಕೇಬಲ್ ಚುಚ್ಚಿ. ಡ್ರೈವ್ ಕಾಣಿಸಿದ ಮೇಲೆ ಒಳಗೆ ಕನಿಷ್ಠ 50 ಎಂಬಿ ಖಾಲಿ ಜಾಗ ಇದೆಯೇ ನೋಡಿ, ಇಲ್ಲದಿದ್ದರೆ ಒಂದೆರಡು ಆಲ್ಬಂ ಅಳಿಸಿ.

ಯುಟಿಲಿಟಿ ತೆರೆಯುವ ಮುಂಚೆ ಇನ್ನೊಂದು ಕಡತ ಬೇಕು: ಸ್ಯಾನ್‌ಡಿಸ್ಕ್‌ನ ಮೂಲ ಫರ್ಮ್‌ವೇರ್. ರಾಕ್‌ಬಾಕ್ಸ್‌ನ ಬೂಟ್‌ಲೋಡರ್ ಇಲ್ಲಿ ಮೂಲ ಫರ್ಮ್‌ವೇರ್‌ನೊಳಗೇ ಸೇರಿಕೊಂಡು ಕೂರುತ್ತದೆ. ಆ ಮೂಲ ಕಡತ ಕಂಪನಿಯ ಸ್ವತ್ತು, ರಾಕ್‌ಬಾಕ್ಸ್‌ನವರು ಅದನ್ನು ಹಂಚುವಂತಿಲ್ಲ, ಆದ್ದರಿಂದ ನೀವೇ ಇಳಿಸಿಕೊಳ್ಳಬೇಕು. ಜಿಪ್ ಬಿಡಿಸಿದರೆ 'ಸಿಎಲ್‌ಪಿಪಿಎ ಡಾಟ್ ಬಿನ್' ಎಂಬ ಕಡತ ಸಿಗುತ್ತದೆ. ಕ್ಲಿಪ್ ಜಿಪ್ ಆದರೆ 'ಸಿಎಲ್‌ಪಿಜೆಡ್‌ಎ ಡಾಟ್ ಬಿನ್'. ನಡುವಿನ ಒಂದು ಅಕ್ಷರ ಮಾತ್ರ ವ್ಯತ್ಯಾಸ, ಕಣ್ಣಿಟ್ಟು ನೋಡಿ. ಕಡತವನ್ನು ಪ್ಲೇಯರ್‌ಗೆ ಹಾಕಬೇಡಿ, ಕಂಪ್ಯೂಟರ್‌ನಲ್ಲೇ ಇರಲಿ. ಹೆಸರು ಬದಲಿಸಬೇಡಿ. ಇದೇ ಕಡತ ಮುಂದೆ ರಾಕ್‌ಬಾಕ್ಸ್ ತೆಗೆಯುವಾಗಲೂ ಬೇಕಾಗುತ್ತದೆ.

ಯುಟಿಲಿಟಿ ತೆರೆದು ಆಟೋ ಡಿಟೆಕ್ಟ್ ಒತ್ತಿ. 'ಸ್ಯಾನ್‌ಡಿಸ್ಕ್ ಸ್ಯಾನ್ಸಾ ಕ್ಲಿಪ್ ಪ್ಲಸ್' ಎಂದು ಬರಬೇಕು. ಬೇರೆ ಹೆಸರು ಬಂದರೆ ಮುಂದುವರಿಯಬೇಡಿ. ಏನೂ ಬರದಿದ್ದರೆ ಡ್ರೈವನ್ನೂ ಮಾದರಿಯನ್ನೂ ಪಟ್ಟಿಯಿಂದ ನೀವೇ ಆರಿಸಿ. ಇನ್‌ಸ್ಟಾಲ್ ಪುಟದಲ್ಲಿ ಬೂಟ್‌ಲೋಡರ್, ರಾಕ್‌ಬಾಕ್ಸ್, ಫಾಂಟ್ಸ್ ಈ ಮೂರಕ್ಕೆ ಟಿಕ್ ಹಾಕಿ. ಆವೃತ್ತಿ 'ಸ್ಟೇಬಲ್' ಇರಲಿ. ದಿನಾ ಬದಲಾಗುವ ಡೆವಲಪ್‌ಮೆಂಟ್ ಬಿಲ್ಡ್ ಆಮೇಲೆ ನೋಡಿಕೊಳ್ಳಬಹುದು. ಥೀಮ್ ಈಗಲೇ ಬೇಡ, ಮೊದಲು ಸೆಟ್ ಎದ್ದು ಕೂರಲಿ.

ಇನ್‌ಸ್ಟಾಲ್ ಒತ್ತಿದರೆ ನಡುವೆ ಮೂಲ ಫರ್ಮ್‌ವೇರ್ ಎಲ್ಲಿದೆ ಎಂದು ಕೇಳುತ್ತದೆ, ಆ ಬಿನ್ ಕಡತವನ್ನು ತೋರಿಸಿ. ಅದನ್ನು ತಿದ್ದಿ ಪ್ಲೇಯರ್‌ನ ಮೊದಲ ಮಟ್ಟದಲ್ಲಿ, ಅಂದರೆ ಯಾವ ಫೋಲ್ಡರ್‌ನ ಒಳಗೂ ಅಲ್ಲದೆ, ಇಡುತ್ತದೆ. ಜೊತೆಗೆ ಮುಂದೆ ಚುಕ್ಕಿ ಇರುವ 'ರಾಕ್‌ಬಾಕ್ಸ್' ಫೋಲ್ಡರ್ ಕೂಡ ಅಲ್ಲೇ ಬರುತ್ತದೆ.

ಮುಗಿದ ಮೇಲೆ ಕೇಬಲ್ ಎಳೆಯಬೇಡಿ. ವಿಂಡೋಸ್‌ನಲ್ಲಿ 'ಎಜೆಕ್ಟ್' ಕೊಟ್ಟು, ಪ್ಲೇಯರ್‌ನಲ್ಲಿ ಬರವಣಿಗೆಯ ಗುರುತು ನಿಂತ ಮೇಲೆ ತೆಗೆಯಿರಿ. ಆಗ ಪರದೆಯಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಆಗುತ್ತಿದೆ ಎಂಬ ಸಾಲು ಬರುತ್ತದೆ. ಇಡೀ ಕೆಲಸದಲ್ಲಿ ನಿಜವಾಗಿ ಕೈ ಕಟ್ಟಿ ಕೂರಬೇಕಾದ ಗಳಿಗೆ ಇದೊಂದೇ. ಗುಂಡಿ ಒತ್ತಬೇಡಿ, ಮತ್ತೆ ಕೇಬಲ್ ಚುಚ್ಚಬೇಡಿ. ಇಲ್ಲಿ ಬ್ಯಾಟರಿ ಸತ್ತರೆ ಮಾತ್ರ ಸೆಟ್ ಎಬ್ಬಿಸುವುದು ಕಷ್ಟ. ಬಿಚ್ಚಿ ಫ್ಲ್ಯಾಶ್ ಚಿಪ್‌ನ ಕಾಲುಗಳನ್ನು ಮುಟ್ಟಿಸುವ ಕೆಲಸ ಅದು. ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇರಲಿ ಎಂದದ್ದು ಇದಕ್ಕೇ.

ಅಪ್‌ಡೇಟ್ ಮುಗಿದು ಸೆಟ್ ಆರಿದರೆ ಮತ್ತೆ ಆನ್ ಮಾಡಿ. ರಾಕ್‌ಬಾಕ್ಸ್ ಲೋಗೋ ಬಂದರೆ ಆಯಿತು. ಕಂಪನಿಯ ಫರ್ಮ್‌ವೇರ್ ಕೂಡ ಒಳಗೇ ಇರುತ್ತದೆ: ಎಡಗಡೆಯ ಹಿಂದಿನ-ಹಾಡಿನ ಗುಂಡಿ ಒತ್ತಿ ಹಿಡಿದು ಆನ್ ಮಾಡಿದರೆ ಅದೇ ಏಳುತ್ತದೆ.

ಐಪಾಡ್ ವಿಡಿಯೋಗೆ ಹಾಕುವುದು

ಇಲ್ಲಿ ಮೂಲ ಫರ್ಮ್‌ವೇರ್ ಕಡತ ಹುಡುಕುವ ಕೆಲಸವಿಲ್ಲ, ಆದರೆ ಫೈಲ್ ಸಿಸ್ಟಂ ತಕರಾರು ಇದೆ. ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆದ ಐಪಾಡ್‌ನಲ್ಲಿ ಎಚ್‌ಎಫ್‌ಎಸ್ ಪ್ಲಸ್ ಇರುತ್ತದೆ, ರಾಕ್‌ಬಾಕ್ಸ್ ಅದನ್ನು ಓದುವುದಿಲ್ಲ. ಐಪಾಡ್‌ನ ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್' ತೆರೆದು ಫಾರ್ಮ್ಯಾಟ್ ವಿಂಡೋಸ್ ಎಂದಿದೆಯೇ ನೋಡಿ. ಇಲ್ಲದಿದ್ದರೆ ವಿಂಡೋಸ್ ಕಂಪ್ಯೂಟರ್‌ನಲ್ಲಿ ಐಟ್ಯೂನ್ಸ್ ಹಾಕಿ ಒಮ್ಮೆ 'ರಿಸ್ಟೋರ್' ಮಾಡಿ. ಅದು ಎಲ್ಲವನ್ನೂ ಅಳಿಸಿ ಫ್ಯಾಟ್32 ಮಾಡುತ್ತದೆ.

ಐಟ್ಯೂನ್ಸ್‌ನಲ್ಲಿ ಡಿಸ್ಕ್ ಆಗಿ ಬಳಸುವ ಆಯ್ಕೆಗೆ ಟಿಕ್ ಹಾಕಿ, ಆಮೇಲೆ ಐಟ್ಯೂನ್ಸ್ ಪೂರ್ತಿ ಮುಚ್ಚಿ. ಹಿನ್ನೆಲೆಯಲ್ಲಿ ಐಟ್ಯೂನ್ಸ್ ಹೆಲ್ಪರ್ ಓಡುತ್ತಿದ್ದರೆ ಟಾಸ್ಕ್ ಮ್ಯಾನೇಜರ್‌ನಿಂದ ನಿಲ್ಲಿಸಿ. ಯುಟಿಲಿಟಿಯನ್ನು ಮಾತ್ರ ಅಡ್ಮಿನಿಸ್ಟ್ರೇಟರ್ ಆಗಿಯೇ ತೆರೆಯಬೇಕು: ಬಲ ಗುಂಡಿ ಒತ್ತಿ ಆ ಆಯ್ಕೆ ಕೊಡಿ. ಐಪಾಡ್‌ನ ಬೂಟ್‌ಲೋಡರ್ ಕೂರುವುದು ಮಾಮೂಲಿ ಫೋಲ್ಡರ್‌ನಲ್ಲಲ್ಲ, ಕಣ್ಣಿಗೆ ಕಾಣದ ಫರ್ಮ್‌ವೇರ್ ಪಾರ್ಟಿಶನ್‌ನಲ್ಲಿ (ಡಿಸ್ಕ್‌ನ ಬೇರ್ಪಡಿಸಿದ ಭಾಗ). ಅದನ್ನು ಮುಟ್ಟಲು ವಿಂಡೋಸ್ ಸಾಮಾನ್ಯ ಬಳಕೆದಾರರಿಗೆ ಬಿಡುವುದಿಲ್ಲ. 'ಪರ್ಮಿಶನ್ ಡಿನೈಡ್' ಎಂದು ಬಂದರೆ ಕಾರಣ ಇದೇ. ಹಳೇ ಪಾರ್ಟಿಶನ್‌ನ ಬ್ಯಾಕಪ್ ತೆಗೆಯಲೇ ಎಂದು ಕೇಳಿದರೆ ಹೂಂ ಅನ್ನಿ.

ಮುಗಿದ ಮೇಲೆ ಎಜೆಕ್ಟ್ ಮಾಡಿ. ಸೆಟ್ ಮತ್ತೆ ಏಳದಿದ್ದರೆ ಹೋಲ್ಡ್ ಸ್ವಿಚ್ ಒಮ್ಮೆ ಹಾಕಿ ತೆಗೆದು, ಮೆನು ಮತ್ತು ನಡುವಿನ ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿಯಿರಿ, ರೀಸೆಟ್ ಆಗುತ್ತದೆ. ಬೂಟ್‌ಲೋಡರ್ ಏಳುತ್ತಿದ್ದಂತೆ ಹೋಲ್ಡ್ ಸ್ವಿಚ್ ಹಾಕಿದರೆ ಆಪಲ್‌ನ ಫರ್ಮ್‌ವೇರ್‌ಗೆ ಹೋಗುತ್ತದೆ. ರೀಸೆಟ್ ಆದ ಕೂಡಲೇ ನಡುವಿನ ಗುಂಡಿ ಮತ್ತು ಪ್ಲೇ ಎರಡನ್ನೂ ಹಿಡಿದರೆ ಡಿಸ್ಕ್ ಮೋಡ್. ರಾಕ್‌ಬಾಕ್ಸ್ ಫೋಲ್ಡರ್ ಹೇಗೇ ಕೆಟ್ಟಿದ್ದರೂ ಈ ಮೋಡ್‌ನಲ್ಲಿ ಕಂಪ್ಯೂಟರ್‌ಗೆ ಸೇರಿಸಿ ಸರಿಪಡಿಸಬಹುದು. ಇದೊಂದು ನೆನಪಿದ್ದರೆ ಐಪಾಡ್ ವಿಷಯದಲ್ಲಿ ಭಯ ಪಡಬೇಕಿಲ್ಲ. ರಾಕ್‌ಬಾಕ್ಸ್‌ನಲ್ಲಿ ಆಫ್ ಮಾಡಲು ಪ್ಲೇ ಗುಂಡಿ ಒತ್ತಿ ಹಿಡಿಯಬೇಕು. ಬರೀ ಚಾರ್ಜ್ ಆಗಲಿ, ಕಂಪ್ಯೂಟರ್‌ಗೆ ಡ್ರೈವ್ ಆಗಿ ಕಾಣುವುದು ಬೇಡ ಅಂದರೆ ಮೆನು ಗುಂಡಿ ಹಿಡಿದುಕೊಂಡು ಕೇಬಲ್ ಚುಚ್ಚಿ.

ಐಟ್ಯೂನ್ಸ್‌ನಿಂದ ತುಂಬಿಸಿದ ಹಾಡುಗಳಿದ್ದರೆ ಅವು ಅಡಗಿಸಿಟ್ಟ ಫೋಲ್ಡರ್‌ನೊಳಗೆ ಅರ್ಥವಿಲ್ಲದ ನಾಲ್ಕಕ್ಷರದ ಹೆಸರಲ್ಲಿ ಕೂತಿರುತ್ತವೆ. ರಾಕ್‌ಬಾಕ್ಸ್ ಅವನ್ನೂ ನುಡಿಸುತ್ತದೆ, ಆದರೆ ಫೈಲ್ ಪಟ್ಟಿಯಲ್ಲಿ ಗುರುತು ಸಿಗದು, ಡೇಟಾಬೇಸ್ ಮೂಲಕ ಹುಡುಕಬೇಕು. ಐಟ್ಯೂನ್ಸ್ ಅಂಗಡಿಯಿಂದ ಹಿಂದೆ ಕೊಂಡ, ಬೀಗ ಹಾಕಿದ ಎಂ4ಪಿ ಕಡತಗಳು ಮಾತ್ರ ನುಡಿಯುವುದಿಲ್ಲ.

ಹಾರ್ಡ್ ಡಿಸ್ಕ್ ಕಟಕಟ ಎನ್ನುತ್ತಿದ್ದರೆ ರಾಕ್‌ಬಾಕ್ಸ್ ಹಾಕುವ ಮುಂಚೆಯೇ ಅದನ್ನು ತೆಗೆದು ಎಸ್‌ಡಿ ಕಾರ್ಡ್ ಅಡಾಪ್ಟರ್ ಹಾಕುವುದು ಲೇಸು. ತೆಳು ಪ್ಲಾಸ್ಟಿಕ್ ಪಟ್ಟಿಯಿಂದ ಅಂಚಿನ ಕೊಂಡಿಗಳನ್ನು ಬಿಡಿಸಿ. ಹಿಂದಿನ ಸ್ಟೀಲ್ ಮುಚ್ಚಳವನ್ನು ಒಮ್ಮೆಲೇ ಎತ್ತಬೇಡಿ: ಬ್ಯಾಟರಿಯ ಮತ್ತು ಇಯರ್‌ಫೋನ್ ಜ್ಯಾಕ್‌ನ ರಿಬ್ಬನ್‌ಗಳು ಆ ಮುಚ್ಚಳಕ್ಕೇ ಅಂಟಿಕೊಂಡಿರುತ್ತವೆ. ಬ್ಯಾಟರಿ ಕನೆಕ್ಟರ್‌ನ ಕಂದು ಲ್ಯಾಚ್ ಅಕ್ಕಿಕಾಳಿನಷ್ಟು ಚಿಕ್ಕದು, ಉಗುರಿನಿಂದ ಮೇಲೆತ್ತಿದರೆ ಸಾಕು. ಜೋರಾಗಿ ಎಳೆದರೆ ಬೋರ್ಡಿನಿಂದಲೇ ಕಿತ್ತು ಬರುತ್ತದೆ, ಆಮೇಲೆ ಬೆಸುಗೆ ಕಷ್ಟ.

ಕಾರ್ಡ್ ವಿಷಯ

ರಾಕ್‌ಬಾಕ್ಸ್ ಹಾಕುವವರಲ್ಲಿ ಹೆಚ್ಚಿನವರ ಉದ್ದೇಶವೇ ದೊಡ್ಡ ಕಾರ್ಡ್. ಕ್ಲಿಪ್ ಪ್ಲಸ್‌ಗೆ ಕಂಪನಿ ಹೇಳಿದ್ದು 32 ಜಿಬಿವರೆಗೆ. ಆದರೆ 64, 128 ಜಿಬಿ ಕಾರ್ಡ್‌ಗಳೂ ರಾಕ್‌ಬಾಕ್ಸ್‌ನಲ್ಲಿ ನಡೆಯುತ್ತವೆ, ಒಂದೇ ಷರತ್ತು: ಫ್ಯಾಟ್32 ಆಗಿರಬೇಕು. 64 ಜಿಬಿ ಮತ್ತು ಅದರ ಮೇಲಿನ ಕಾರ್ಡ್‌ಗಳು ಅಂಗಡಿಯಿಂದ ಬರುವುದೇ ಎಕ್ಸ್‌ಫ್ಯಾಟ್‌ನಲ್ಲಿ, ಅದನ್ನು ಈ ಸೆಟ್‌ಗಳು ಓದವು. ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿಯಲ್ಲಿ 32 ಜಿಬಿ ಮೀರಿದ ಕಾರ್ಡ್‌ಗೆ ಫ್ಯಾಟ್32 ಆಯ್ಕೆಯೇ ತೋರಿಸದಿದ್ದರೆ 'ಗೈಫಾರ್ಮ್ಯಾಟ್' ಎಂಬ ಚಿಕ್ಕ ಪ್ರೋಗ್ರಾಂ ಬಳಸಿ, ಅಲೋಕೇಶನ್ ಯೂನಿಟ್ 32768 ಇಡಿ. ಕಾರ್ಡ್ ಅನ್ನು ಪ್ಲೇಯರ್‌ನಲ್ಲಿಟ್ಟು ಫಾರ್ಮ್ಯಾಟ್ ಮಾಡುವುದಕ್ಕಿಂತ ಕಾರ್ಡ್ ರೀಡರ್‌ನಲ್ಲಿ ಮಾಡಿ. ಹಾಡು ತುಂಬುವುದೂ ರೀಡರ್‌ನಲ್ಲೇ ಬೇಗ.

ನಕಲಿ ಕಾರ್ಡ್ ಕಾಟ ದೊಡ್ಡದು. ಮೇಲೆ 128 ಎಂದು ಬರೆದಿದ್ದರೂ ಒಳಗೆ 8 ಜಿಬಿ ಇರಬಹುದು. ಕಂಪ್ಯೂಟರ್‌ಗೂ ಸುಳ್ಳು ಅಳತೆಯನ್ನೇ ಹೇಳುತ್ತದೆ, ಹಾಡು ಕಾಪಿ ಆದಂತೆಯೂ ಕಾಣುತ್ತದೆ. ಮೊದಲ ಕೆಲವು ಆಲ್ಬಂ ನುಡಿದು, ಮುಂದಿನವು ಅರ್ಧಕ್ಕೆ ನಿಲ್ಲುತ್ತವೆ ಅಥವಾ ಫೋಲ್ಡರ್ ಹೆಸರುಗಳೇ ಕಲಸಿಹೋಗುತ್ತವೆ. ಜನ ಆಗ ರಾಕ್‌ಬಾಕ್ಸ್ ಸರಿಯಿಲ್ಲ ಎನ್ನುತ್ತಾರೆ. ಹೊಸ ಕಾರ್ಡ್ ತಂದ ದಿನವೇ ವಿಂಡೋಸ್‌ನಲ್ಲಿ 'ಎಚ್2ಟೆಸ್ಟ್‌ಡಬ್ಲ್ಯೂ', ಲಿನಕ್ಸ್‌ನಲ್ಲಿ 'ಎಫ್3' ಓಡಿಸಿ. ಕಾರ್ಡ್ ಪೂರ್ತಿ ಬರೆದು ಮತ್ತೆ ಓದಿ ನೋಡುತ್ತದೆ, ದೊಡ್ಡ ಕಾರ್ಡ್‌ಗೆ ಗಂಟೆಗಟ್ಟಲೆ ಹಿಡಿಯುತ್ತದೆ. ರಾತ್ರಿ ಹಚ್ಚಿಟ್ಟು ಮಲಗಿ. ರಸೀದಿ ಇದ್ದರೆ ಮರುದಿನವೇ ಹಿಂತಿರುಗಿಸಬಹುದು.

ದೊಡ್ಡ ಕಾರ್ಡ್ ಒಳಗಿಟ್ಟು ಕಂಪನಿಯ ಫರ್ಮ್‌ವೇರ್‌ಗೆ ಹೋಗಬೇಡಿ. ಅದು ಎದ್ದ ಕೂಡಲೇ ಇಡೀ ಕಾರ್ಡ್‌ನ ಪಟ್ಟಿ ಮಾಡಲು ಕೂತು, ಸಾವಿರಾರು ಹಾಡಿದ್ದರೆ ಅಲ್ಲೇ ಜಡವಾಗುತ್ತದೆ. ಹಾಗಾದರೆ ಪವರ್ ಗುಂಡಿಯನ್ನು ಇಪ್ಪತ್ತು ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ, ಕಾರ್ಡ್ ತೆಗೆದು ಮತ್ತೆ ಶುರು ಮಾಡಿ.

ಮೊದಲ ದಿನ ಮಾಡಬೇಕಾದ ಸೆಟ್ಟಿಂಗ್

ಜನರಲ್ ಸೆಟ್ಟಿಂಗ್ಸ್‌ನಲ್ಲಿ ಡೇಟಾಬೇಸ್‌ಗೆ ಹೋಗಿ 'ಇನಿಶಿಯಲೈಜ್ ನೌ' ಕೊಡಿ. ಸಾವಿರಾರು ಹಾಡಿದ್ದರೆ ಹಲವು ನಿಮಿಷ ಬೇಕು, ಆಮೇಲೆ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಹೊಸ ಹಾಡು ಸೇರಿಸಿದಾಗ 'ಅಪ್‌ಡೇಟ್ ನೌ' ಸಾಕು. ಕಚೇರಿ ಕಡತ, ರಿಂಗ್‌ಟೋನ್ ಹಾಕಿರುವ ಫೋಲ್ಡರ್ ಪಟ್ಟಿಯಲ್ಲಿ ಬರಬಾರದು ಅಂದರೆ ಅದರೊಳಗೆ 'ಡೇಟಾಬೇಸ್ ಡಾಟ್ ಇಗ್ನೋರ್' ಹೆಸರಿನ ಖಾಲಿ ಕಡತ ಇಡಿ.

ಕ್ಯಾಸೆಟ್‌ನಿಂದ ಇಳಿಸಿದ ವಚನಗಳು, ಸಾಣೇಹಳ್ಳಿ ನಾಟಕಗಳ ರಂಗಗೀತೆ, ಹೊಸ ಸಿನಿಮಾ ಹಾಡು ಒಂದೇ ಕಾರ್ಡ್‌ನಲ್ಲಿದ್ದರೆ ಒಂದು ಪಿಸುಗುಟ್ಟುತ್ತದೆ, ಮುಂದಿನದು ಕಿವಿ ಹರಿಯುತ್ತದೆ. ಇದಕ್ಕೆ ಮದ್ದು ರಿಪ್ಲೇಗೇನ್, ಅಂದರೆ ಹಾಡುಗಳ ಸದ್ದನ್ನು ಒಂದೇ ಮಟ್ಟಕ್ಕೆ ತರುವ ವ್ಯವಸ್ಥೆ. ಕಂಪ್ಯೂಟರ್‌ನಲ್ಲಿ ಫೂಬಾರ್2000 ಎಂಬ ಪ್ರೋಗ್ರಾಂನಿಂದ ಎಲ್ಲ ಹಾಡುಗಳನ್ನೂ ಒಂದೊಂದಾಗಿ ಅಳೆಸಿ ಟ್ಯಾಗ್ (ಹಾಡಿನ ಕಡತದ ಜೊತೆ ಇರುವ ಮಾಹಿತಿ) ಬರೆಸಿ. ಹಾಡಿನ ಧ್ವನಿ ಹಾಗೇ ಇರುತ್ತದೆ, ಟ್ಯಾಗ್‌ನಲ್ಲಿ ಒಂದು ಸಂಖ್ಯೆ ಮಾತ್ರ ಸೇರುತ್ತದೆ. ಆಮೇಲೆ ಪ್ಲೇಯರ್‌ನ ಪ್ಲೇಬ್ಯಾಕ್ ಸೆಟ್ಟಿಂಗ್ಸ್‌ನಲ್ಲಿ ರಿಪ್ಲೇಗೇನ್ ಬಗೆಯನ್ನು 'ಟ್ರ್ಯಾಕ್ ಗೇನ್' ಇಡಿ.

ಈಕ್ವಲೈಜರ್ ಮುಟ್ಟುವವರು 'ಪ್ರೀಕಟ್' (ಒಟ್ಟು ಧ್ವನಿಯನ್ನು ಮೊದಲೇ ತಗ್ಗಿಸುವ ಸೆಟ್ಟಿಂಗ್) ಮರೆಯುತ್ತಾರೆ. ಬೇಸ್ 6 ಡೆಸಿಬೆಲ್ ಏರಿಸಿದರೆ ಪ್ರೀಕಟ್ ಕೂಡ 6 ಇಡಬೇಕು, ಇಲ್ಲದಿದ್ದರೆ ಡೋಲು ತಮಟೆ ಬಂದಲ್ಲೆಲ್ಲ ಧ್ವನಿ ಒಡೆಯುತ್ತದೆ. ಇಯರ್‌ಫೋನ್ ಕೆಟ್ಟಿದೆ ಎಂದು ಬದಲಿಸುವ ಮುಂಚೆ ಇದನ್ನು ನೋಡಿ. ವಾಲ್ಯೂಮ್ ಇಲ್ಲಿ ಡೆಸಿಬೆಲ್‌ನಲ್ಲಿ ತೋರಿಸುತ್ತದೆ, ಮೈನಸ್ 25 ಎಂದರೆ ಗಾಬರಿ ಬೇಡ; ಸೊನ್ನೆಯ ಹತ್ತಿರ ಹೋದರೆ ಕಿವಿಗೆ ಜೋರೇ.

ಸಿರಿಗೆರೆ ಮಠದ ತರಳಬಾಳು ಹುಣ್ಣಿಮೆಯಂಥ ಕಡೆ ರೆಕಾರ್ಡ್ ಮಾಡಿದ ಒಂದೂವರೆ, ಎರಡು ಗಂಟೆಯ ಪ್ರವಚನ ಕೇಳುವವರಿಗೆ ಬುಕ್‌ಮಾರ್ಕ್ ಬೇಕೇ ಬೇಕು. ಜನರಲ್ ಸೆಟ್ಟಿಂಗ್ಸ್‌ನ ಬುಕ್‌ಮಾರ್ಕಿಂಗ್‌ನಲ್ಲಿ 'ಬುಕ್‌ಮಾರ್ಕ್ ಆನ್ ಸ್ಟಾಪ್' ಎಂಬುದನ್ನು 'ಯೆಸ್' ಮಾಡಿ. ದಾವಣಗೆರೆಯಲ್ಲಿ ಬಸ್ ಹತ್ತಿ ಚಿತ್ರದುರ್ಗದಲ್ಲಿ ಇಳಿಯುವಾಗ ನಿಲ್ಲಿಸಿದರೆ, ಸಂಜೆ ವಾಪಸ್ ಬರುವಾಗ ಅದೇ ಮಾತಿನಿಂದ ಮುಂದುವರಿಯಬಹುದು. ಸೌಂಡ್ ಸೆಟ್ಟಿಂಗ್ಸ್‌ನ 'ಟೈಮ್‌ಸ್ಟ್ರೆಚ್' ಆನ್ ಮಾಡಿದರೆ ಧ್ವನಿ ಕೀಚಲಾಗದೆ ವೇಗ ಮಾತ್ರ ಹೆಚ್ಚಿಸಬಹುದು.

ಥೀಮ್ ಆರಿಸುವಾಗ ಪರದೆಯ ಅಳತೆ ಹೊಂದಬೇಕು: ಕ್ಲಿಪ್ ಪ್ಲಸ್ 128×64, ಕ್ಲಿಪ್ ಜಿಪ್ 96×96, ಐಪಾಡ್ ವಿಡಿಯೋ 320×240. ಕ್ಲಿಪ್ ಪ್ಲಸ್‌ನ ಪರದೆಯಲ್ಲಿ ಮೇಲಿನ 16 ಸಾಲು ಹಳದಿ, ಕೆಳಗಿನದೆಲ್ಲ ನೀಲಿ. ಅದು ಗಾಜಿನಲ್ಲೇ ಇರುವ ಬಣ್ಣ, ಯಾವ ಥೀಮ್‌ನಿಂದಲೂ ಬದಲಾಗದು. ಐಪಾಡ್‌ನಲ್ಲಿ ಆಲ್ಬಂ ಚಿತ್ರ ಬರದಿದ್ದರೆ ಜೆಪೆಗ್ 'ಪ್ರೊಗ್ರೆಸಿವ್' ಇರಬಹುದು, 'ಬೇಸ್‌ಲೈನ್' ಆಗಿ ಮತ್ತೆ ಉಳಿಸಿ.

ಕನ್ನಡದ ಹೆಸರುಗಳು

ಕನ್ನಡದಲ್ಲಿ ಟ್ಯಾಗ್ ಬರೆದವರಿಗೆ ಇಲ್ಲಿ ನಿರಾಸೆ ಇದೆ. ಫಾಂಟ್ ಕಟ್ಟಿನಲ್ಲಿ ಬರುವ 'ಯೂನಿಫಾಂಟ್' ಆರಿಸಿದರೆ ಚೌಕಗಳ ಬದಲು ಕನ್ನಡ ಅಕ್ಷರ ಕಾಣುತ್ತವೆ, ಆದರೆ ಒತ್ತಕ್ಷರ ಕೂಡಿಸುವ ವ್ಯವಸ್ಥೆ ರಾಕ್‌ಬಾಕ್ಸ್‌ನಲ್ಲಿ ಇಲ್ಲ. 'ಅಕ್ಕಮಹಾದೇವಿ'ಯ ಕಕಾರದ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುತ್ತದೆ. 'ಅಲ್ಲಮಪ್ರಭು'ವಂಥ ಹೆಸರು ಓದುವುದಕ್ಕಿಂತ ಊಹಿಸುವುದೇ ಸುಲಭ. ಕ್ಲಿಪ್ ಪ್ಲಸ್‌ನ 64 ಸಾಲಿನ ಪರದೆಯಲ್ಲಿ 16 ಸಾಲಿನ ಫಾಂಟ್ ಹಾಕಿದರೆ ನಾಲ್ಕೇ ಸಾಲು ಹಿಡಿಯುತ್ತವೆ. ಪ್ಲೇಯರ್‌ಗೆ ಹಾಕುವ ಪ್ರತಿಯಲ್ಲಿ ಮಾತ್ರ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಕಂಪ್ಯೂಟರ್‌ನ ಮೂಲ ಪ್ರತಿ ಕನ್ನಡದಲ್ಲೇ ಇರಲಿ ಎಂಬುದು ನಮ್ಮ ಸಲಹೆ.

ಓದಿಸಲಾಗದ್ದನ್ನು ಹೇಳಿಸಬಹುದು ಅನ್ನುವುದು ಬೇರೆ ಮಾತು. ರಾಕ್‌ಬಾಕ್ಸ್‌ಗೆ ಮಾತಾಡುವ ಮೆನು ಇದೆ, ದೃಷ್ಟಿ ಇಲ್ಲದವರು ಇದನ್ನು ಇಷ್ಟಪಡಲು ಅದೇ ಮುಖ್ಯ ಕಾರಣ. ಪ್ರತಿ ಫೋಲ್ಡರ್‌ಗೆ, ಹಾಡಿಗೆ ಒಂದೊಂದು ಪುಟ್ಟ ಧ್ವನಿ ಕಡತ ಇಟ್ಟರೆ ಅದರ ಮೇಲೆ ಬಂದಾಗ ಹೆಸರು ಹೇಳುತ್ತದೆ. ಕಂಪ್ಯೂಟರ್‌ನಲ್ಲಿ 'ಇಸ್ಪೀಕ್ ಎನ್‌ಜಿ' ಎಂಬ ಓದಿ ಹೇಳುವ ಪ್ರೋಗ್ರಾಂ ಹಾಕಿಕೊಳ್ಳಿ, ಅದಕ್ಕೆ ಕನ್ನಡ ಬರುತ್ತದೆ. ಯುಟಿಲಿಟಿಯ ಸೆಟ್ಟಿಂಗ್‌ನಲ್ಲಿ ಧ್ವನಿ ಎಂಜಿನ್ ಆಗಿ ಅದನ್ನು ಆರಿಸಿ, ಭಾಷೆಯನ್ನು ಕನ್ನಡಕ್ಕೆ ಇಟ್ಟು, 'ಟಾಕ್ ಫೈಲ್ಸ್' ಮಾಡಿಸಿ. ಇದಕ್ಕೆ ಮಾತ್ರ ಫೋಲ್ಡರ್ ಹೆಸರು ಕನ್ನಡ ಲಿಪಿಯಲ್ಲೇ ಇರಬೇಕು. ಪ್ಲೇಯರ್‌ನ ವಾಯ್ಸ್ ಸೆಟ್ಟಿಂಗ್‌ನಲ್ಲಿ ಫೋಲ್ಡರ್ ಮತ್ತು ಫೈಲ್‌ನ ಟಾಕ್ ಕ್ಲಿಪ್ ಬಳಸುವ ಆಯ್ಕೆಗಳನ್ನು ಆನ್ ಮಾಡಿ. ಉಚ್ಚಾರ ಯಂತ್ರದ್ದೇ, ಸ್ವಲ್ಪ ಒರಟು, ಆದರೆ ಗೊತ್ತಾಗುತ್ತದೆ. ಕಣ್ಣು ಮಂಜಾದ ಹಿರಿಯರಿಗೆ ಸೆಟ್ ಮಾಡಿಕೊಡುವುದಾದರೆ ಫೋಲ್ಡರ್‌ಗಳು ಹತ್ತರ ಒಳಗಿರಲಿ, ಹೆಸರು ಎರಡು ಪದ ಮೀರದಿರಲಿ.

ಎಡವಟ್ಟಾದಾಗ

ಆನ್ ಮಾಡಿದಾಗ 'ಫೈಲ್ ನಾಟ್ ಫೌಂಡ್' ಎಂದರೆ ಬೂಟ್‌ಲೋಡರ್ ಸರಿಯಾಗಿದೆ, ರಾಕ್‌ಬಾಕ್ಸ್ ಫೋಲ್ಡರ್ ಸಿಕ್ಕಿಲ್ಲ. ಕೈಯಿಂದ ಜಿಪ್ ಬಿಡಿಸಿದವರಲ್ಲಿ ಅದು ಇನ್ನೊಂದು ಫೋಲ್ಡರ್‌ನ ಒಳಗೆ ಹೋಗಿ ಕೂತಿರುತ್ತದೆ. ಕಂಪನಿಯ ಫರ್ಮ್‌ವೇರ್‌ನಿಂದ ಸಂಪರ್ಕಿಸಿ, ಅದನ್ನು ಮೊದಲ ಮಟ್ಟಕ್ಕೆ ತನ್ನಿ. ಚುಕ್ಕಿಯಿಂದ ಶುರುವಾಗುವ ಫೋಲ್ಡರ್ ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಅಡಗಿರುತ್ತದೆ, ಕಾಪಿ ಮಾಡುವಾಗ ಬಿಟ್ಟುಹೋಗುವುದೂ ಉಂಟು.

'ಡೈರ್ ಬಫರ್ ಈಸ್ ಫುಲ್' ಎಂದರೆ ಒಂದೇ ಫೋಲ್ಡರ್‌ನಲ್ಲಿ ಮಿತಿ ಮೀರಿ ಹಾಡು ತುಂಬಿದ್ದೀರಿ. ಸಿಸ್ಟಂನ ಲಿಮಿಟ್ಸ್‌ನಲ್ಲಿ ಮಿತಿ ಏರಿಸಿ ಆಫ್-ಆನ್ ಮಾಡಿ. ಇಲ್ಲವೇ ಫೋಲ್ಡರ್ ಒಡೆಯಿರಿ, ಅದೇ ಒಳ್ಳೆಯದು.

ಮ್ಯಾಕ್‌ನಿಂದ ಕಾಪಿ ಮಾಡಿದಾಗ ಪ್ರತಿ ಹಾಡಿಗೂ ಚುಕ್ಕಿ-ಅಡಿಗೆರೆಯಿಂದ ಶುರುವಾಗುವ ಜೋಡಿ ಕಡತ ಹುಟ್ಟುತ್ತದೆ. ಅವು ಹಾಡುಗಳಲ್ಲ, ಅಳಿಸಿ. ಮಂಕೀಸ್ ಆಡಿಯೋ ಎಂಬ ಬಗೆಯ, ಅತಿ ಹೆಚ್ಚು ಒತ್ತಿದ ಕಡತ ತಡವರಿಸಿದರೆ ಕಾರಣ ಚಿಪ್‌ನ ಶಕ್ತಿ ಸಾಲದಿರುವುದು. ಫ್ಲ್ಯಾಕ್‌ಗೆ ಬದಲಿಸಿ, ಧ್ವನಿ ನಷ್ಟವಾಗದು.

ಪದೇ ಪದೇ 'ಪ್ಯಾನಿಕ್' ಅಥವಾ 'ಡೇಟಾ ಅಬಾರ್ಟ್' ಎಂಬ ದೋಷದ ಸಾಲು ಬಂದರೆ ಮೊದಲು ಕಾರ್ಡ್ ತೆಗೆದು ನೋಡಿ, ಆಮೇಲೆ ವಿಂಡೋಸ್‌ನ ಡಿಸ್ಕ್ ಪರೀಕ್ಷೆ ಓಡಿಸಿ, ಆಮೇಲೆ ಸೆಟ್ಟಿಂಗ್ಸ್ ರೀಸೆಟ್ ಮಾಡಿ. ಇದೇ ಅನುಕ್ರಮದಲ್ಲಿ ಹೋಗಿ. ಮೂರೂ ಆದ ಮೇಲೂ ಬಂದರೆ ಒಳಗಿನ ಫ್ಲ್ಯಾಶ್ ಸವೆದಿರಬಹುದು, ಹಳೇ ಕ್ಲಿಪ್‌ಗಳಲ್ಲಿ ಅದು ಆಗುವಂಥದ್ದೇ.

ಏಪ್ರಿಲ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ, ಬೈಕಿನ ಟ್ಯಾಂಕ್ ಕವರ್‌ನಲ್ಲಿ ಪ್ಲೇಯರ್ ಬಿಡಬೇಡಿ. ಕ್ಲಿಪ್ ಪ್ಲಸ್‌ನ ಬ್ಯಾಟರಿ 290 ಎಂಎಎಚ್ ಅಷ್ಟೇ, ಉಬ್ಬಿದರೆ ಪರದೆಯನ್ನೇ ತಳ್ಳುತ್ತದೆ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜ್‌ನಲ್ಲಿಟ್ಟು ಎತ್ತಿಡಿ.

ರಾಕ್‌ಬಾಕ್ಸ್ ಬೇಡವೆನಿಸಿದರೆ

ಕ್ಲಿಪ್ ಪ್ಲಸ್‌ನಲ್ಲಿ ಎಡ ಗುಂಡಿ ಹಿಡಿದು ಕಂಪನಿಯ ಫರ್ಮ್‌ವೇರ್‌ಗೆ ಹೋಗಿ, ಕಾರ್ಡ್ ತೆಗೆದು ಕೇಬಲ್ ಚುಚ್ಚಿ. ಎತ್ತಿಟ್ಟುಕೊಂಡ ಮೂಲ ಬಿನ್ ಕಡತವನ್ನು, ತಿದ್ದದೇ ಇರುವುದನ್ನು, ಮೊದಲ ಮಟ್ಟದಲ್ಲಿ ಹಾಕಿ ಎಜೆಕ್ಟ್ ಮಾಡಿ. ಮತ್ತೆ ಅದೇ ಅಪ್‌ಡೇಟ್ ಸಾಲು ಬಂದು ಬೂಟ್‌ಲೋಡರ್ ಹೋಗುತ್ತದೆ. ಆಮೇಲೆ ರಾಕ್‌ಬಾಕ್ಸ್ ಫೋಲ್ಡರ್ ಅಳಿಸಿ. ಐಪಾಡ್ ಆದರೆ ಯುಟಿಲಿಟಿಯ ಅನ್‌ಇನ್‌ಸ್ಟಾಲ್ ಪುಟದಿಂದ ಬೂಟ್‌ಲೋಡರ್ ತೆಗೆಯಬಹುದು, ಅಥವಾ ಐಟ್ಯೂನ್ಸ್‌ನಲ್ಲಿ ರಿಸ್ಟೋರ್ ಕೊಟ್ಟರೆ ಹಾಡುಗಳ ಸಮೇತ ಎಲ್ಲವೂ ಹೋಗಿ ಹೊಸದರಂತೆ ಏಳುತ್ತದೆ. ಮಾರುವವರು ಎರಡನೆಯದನ್ನೇ ಮಾಡಿ. ಕೊಂಡವರಿಗೆ ನಿಮ್ಮ ಹಾಡು, ರೆಕಾರ್ಡಿಂಗ್ ಕಾಣಿಸುವುದಿಲ್ಲ.